ಅನ್ನಮ್ಮನ ಚೀಲದ ಮೇಲೆ ಮೂರು ಹನಿ

“ತೆಂಗಿನೆಣ್ಣೆ ಮಾತ್ರ ಬೇಡ!” ಎಂದು ಮೊನ್ನೆ ಆಫೀಸಿನಲ್ಲಿ ನಾನು ಕೂಗಿದ ರಭಸಕ್ಕೆ ಹೊರಗಿನ ಬೆಂಚಿನಲ್ಲಿ ಕೂತಿದ್ದ ಇಬ್ಬರು ಕಕ್ಷಿಗಾರರು ಎದ್ದು ನಿಂತರು. ಒಳಗೆ ಯಾವುದೋ ತೀರ್ಪು ಬಂತು ಎಂದುಕೊಂಡಿರಬೇಕು.

ಆದದ್ದು ಇಷ್ಟೆ. ಪುತ್ತೂರಿನಲ್ಲಿ ನಾನು ಜೂನಿಯರ್ ಆಗಿ ಕೆಲಸ ಮಾಡುವ ವಕೀಲರ ಚರ್ಮದ ಬ್ಯಾಗಿನ ಒಳಬಟ್ಟೆ ಕಿತ್ತು ಬಂದಿತ್ತು. ನಮ್ಮ ಗುಮಾಸ್ತ ಐತಪ್ಪಣ್ಣ ಕುಂಬ್ರದ ಸೈಕಲ್ ಅಂಗಡಿಯಿಂದ ಪಂಕ್ಚರ್ ಹಾಕುವ ರಬ್ಬರ್ ಸೊಲ್ಯೂಷನಿನ ಟ್ಯೂಬ್ ತಂದು ಅದನ್ನು ಅಂಟಿಸಲು ಕೂತರು. ಒಳಗೆ ಅಂಟಬೇಕಾದದ್ದು ಅಂಟಿತು. ಹೊರಗೆ ಎರಡು ಹನಿ ಬಿತ್ತು. ಅದನ್ನು ತೆಗೆಯಲೆಂದು ದೇವರ ಪಟದ ಕೆಳಗಿದ್ದ ದೀಪದ ಎಣ್ಣೆಯ ಕುಪ್ಪಿಗೆ ಅವರು ಕೈ ಹಾಕಿದಾಗಲೇ ನಾನು ಕೂಗಿದ್ದು.

“ಎಂತ ಮಾರಾಯ್ರೆ, ಎಣ್ಣೆಗೆ ಹೋಗದ ಅಂಟು ಉಂಟಾ ಲೋಕದಲ್ಲಿ?” ಎಂದರು ಐತಪ್ಪಣ್ಣ.

ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಕೇಳಿದ್ದು ಹೇಗೆಂದರೆ, ನನ್ನ ಬಾಯಿಂದಲೇ.

ನನ್ನ ಮೇಜಿನ ಡ್ರಾಯರಿನಲ್ಲಿ ಶಾಯಿ ಪ್ಯಾಡಿನ ಹಿಂದೆ ಲಿಂಬೆಕಾಯಿ ಗಾತ್ರದ ಒಂದು ಕಂದು ಉಂಡೆ ಇದೆ. ನೋಡಿದವರು ಬೆಲ್ಲ ಎಂದುಕೊಳ್ಳುತ್ತಾರೆ. ಮೂಸಿದವರು ಹಾಗೆ ಎಂದುಕೊಳ್ಳುವುದಿಲ್ಲ. ರಬ್ಬರ್ ಮರಕ್ಕೆ ಬೆಳಿಗ್ಗೆ ಕತ್ತಿ ಹಾಕಿ ಹಾಲು ತೆಗೆಯುತ್ತಾರಲ್ಲ, ಹಾಲೆಲ್ಲ ಇಳಿದ ಮೇಲೆ ಕೊನೆಯಲ್ಲಿ ಉಳಿದದ್ದು ಆ ಗೀರಿನಲ್ಲೇ ಒಣಗಿ ಲಾಡಿಯ ಹಾಗೆ ಅಂಟಿಕೊಂಡಿರುತ್ತದೆ. ಮತ್ತೆ ಕೆತ್ತುವ ಮೊದಲು ಅದನ್ನು ಎಳೆದು ತೆಗೆಯಬೇಕು. ಕೇರಳದಿಂದ ಬಂದು ನಮ್ಮ ಕಡೆಯ ಗುಡ್ಡಗಳಲ್ಲಿ ರಬ್ಬರ್ ಬೆಳೆಸಿದವರು ಅದನ್ನು ಒಟ್ಟುಪಾಲು ಎನ್ನುತ್ತಾರೆ. ಅಂಥ ಹಲವು ಲಾಡಿಗಳನ್ನು ಸುತ್ತಿ ಸುತ್ತಿ ಆದ ಉಂಡೆ ಇದು. ಹತ್ತು ವರ್ಷದಿಂದ ನನ್ನ ಜೊತೆಗಿದೆ.

“ಹನಿ ಒಣಗ್ಲಿ ಐತಪ್ಪಣ್ಣ. ಅಷ್ಟರವರೆಗೆ ಒಂದು ಕತೆ ಹೇಳ್ತೇನೆ” ಎಂದೆ.

“ಕತೆ ಬೇಡ, ಚಾ ಹೇಳಿ” ಎಂದರು.

ಹಾಗಾಗಿ ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಐವರ್ನಾಡಿನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಹೈಸ್ಕೂಲಿನಲ್ಲಿ ನಾನಾಗ ಹತ್ತನೆಯ ತರಗತಿ. ತಾಲೂಕಿನಲ್ಲಿ ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ನನ್ನನ್ನು ಕಳಿಸುತ್ತಿದ್ದರು. ವಿಷಯದ ಪರ ಮಾತಾಡಬೇಕೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಆದ್ದರಿಂದ ಯಾವುದನ್ನೂ ನಂಬದೆ ಎಲ್ಲವನ್ನೂ ಸಾಧಿಸಿ ತೋರಿಸುವ ಒಂದು ಚಾಳಿ ನನಗೆ ಹದಿನೈದನೆಯ ವಯಸ್ಸಿಗೇ ಹತ್ತಿತ್ತು. ಬಹುಮಾನವೆಂದರೆ ಸ್ಟೀಲ್ ಲೋಟ. ಮನೆಗೆ ಬಂದ ನೆಂಟರಿಗೆಲ್ಲ ನಾನು ಗೆದ್ದ ಲೋಟದಲ್ಲೇ ಕಾಫಿ. “ಇದರ ಬಾಯಿಂದ ಮನೆಗಾದ ಲಾಭ ಇಷ್ಟೇ” ಎಂದು ಅಜ್ಜಿ ಲೋಟ ಎತ್ತಿ ತೋರಿಸುತ್ತಿದ್ದರು.

ಆ ವರ್ಷ ನಮಗೆ ಕ್ರಾಫ್ಟ್ ಕಲಿಸಲು ಶಾರದಾ ಟೀಚರ್ ಬಂದರು. ಅಲ್ಲಿಯವರೆಗೆ ಕ್ರಾಫ್ಟ್ ಎಂದರೆ ತಕಲಿಯಲ್ಲಿ ನೂಲು ತೆಗೆಯುವುದು, ಅಂದರೆ ತುಂಡಾದ ನೂಲನ್ನು ಪಕ್ಕದವರ ಜಡೆಗೆ ಕಟ್ಟುವುದು. ಶಾರದಾ ಟೀಚರ್ ಎಲ್ಲೋ ಚರ್ಮದ ಕೆಲಸ ಕಲಿತು ಬಂದಿದ್ದರು. ಮಂಗಳೂರಿನಿಂದ ಒಂದು ಸುರುಳಿ ಚರ್ಮ ತರಿಸಿ, ತೂತು ಹೊಡೆಯುವುದು, ಅಂಚು ಮಡಚಿ ಅಂಟಿಸುವುದು, ಅಂಟಿದ ಮೇಲೆ ಹೊಲಿಯುವುದು, ಎಲ್ಲ ತೋರಿಸಿಕೊಟ್ಟರು. ನಾನು ಒಂದು ಪರ್ಸು ಮಾಡಿದೆ. ಅದಕ್ಕೆ ನಾಲ್ಕು ಮೂಲೆ ಇದ್ದವು, ಆದರೆ ಒಂದಕ್ಕೊಂದು ಸಂಬಂಧ ಇರಲಿಲ್ಲ.

ಆ ಪರ್ಸನ್ನು ಮನೆಗೆ ತಂದ ದಿನ ಅಜ್ಜಿ ಜಗಲಿಯಲ್ಲೇ ತಡೆದರು. ಚರ್ಮ ಒಳಗೆ ಬರಕೂಡದು.

“ದೇವಸ್ಥಾನದಲ್ಲಿ ಮೃದಂಗ ಬಾರಿಸ್ತಾರಲ್ಲ, ಅದು ಎಂತದ್ದರಲ್ಲಿ ಮಾಡುದು ಅಜ್ಜಿ?” ಎಂದು ನಾನು ಸೊಂಟಕ್ಕೆ ಕೈ ಕೊಟ್ಟು ಕೇಳಿದೆ.

“ಅದು ಶಬ್ದ ಮಾಡ್ತದೆ ಕೂಸೇ. ನಿನ್ನ ಪರ್ಸು ಮಾಡ್ತದಾ? ಶಬ್ದ ಮಾಡುದು ನೀನು ಮಾತ್ರ.”

“ಹಾಗಾದ್ರೆ ಇದನ್ನು ಎಲ್ಲಿ ಇಡುದು?”

“ಹಟ್ಟಿಯಲ್ಲಿ ಇಡು. ಬಂದದ್ದು ಅಲ್ಲಿಂದಲೇ ಅಲ್ವಾ?”

ದನದ ಹಟ್ಟಿಯಲ್ಲಿ, ಹುಲ್ಲಿನ ಅಟ್ಟದ ಮೇಲೆ ನನ್ನ ಪರ್ಸಿಗೆ ಜಾಗವಾಯಿತು.

ಇನ್ನು ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಅನ್ನಮ್ಮ. ಅವಳ ಮನೆಯವರದ್ದು ನಮ್ಮೂರಿನ ಆಚೆ ಗುಡ್ಡದಲ್ಲಿ ರಬ್ಬರ್. ಶಾಲೆಗೆ ಬರುವ ಮೊದಲು ಬೆಳಕು ಹರಿಯುವಾಗಲೇ ಅವಳು ಮರಗಳಿಗೆ ಕತ್ತಿ ಹಾಕಿ ಬರುತ್ತಿದ್ದಳು. ರಬ್ಬರ್ ಮರವನ್ನು ಕೆತ್ತುವುದಕ್ಕೆ ಒಂದು ಅಳತೆ ಉಂಟು: ಸಿಪ್ಪೆ ಮಾತ್ರ ಏಳಬೇಕು, ಒಳಗಿನ ಮರಕ್ಕೆ ತಾಗಬಾರದು. ಆ ಕೈ ಚರ್ಮದ ಮೇಲೆ ಬಂದಾಗ ಶಾರದಾ ಟೀಚರೇ ನಿಂತು ನೋಡಿದರು. ಸುರುಳಿಯಲ್ಲಿದ್ದ ಅತಿ ದೊಡ್ಡ, ಹೊಸ ಮಡಕೆಯ ಬಣ್ಣದ ತುಂಡನ್ನು ಅವಳಿಗೇ ಕೊಟ್ಟರು.

ಅದರಲ್ಲಿ ಅವಳು ಚೀಲ ಮಾಡುತ್ತಿದ್ದದ್ದು ಅವಳ ಅಮ್ಮನಿಗೆ. ಏಲಿಯಮ್ಮ ನಮ್ಮ ಕಡೆಯ ಹೆರಿಗೆ ನರ್ಸು. ಕತ್ತರಿ, ನೂಲು, ಹತ್ತಿ, ಮದ್ದಿನ ಕುಪ್ಪಿ ಎಲ್ಲವನ್ನೂ ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ತೋಡು ದಾಟಿ, ಗುಡ್ಡ ಹತ್ತಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಹತ್ತಿ ಒದ್ದೆಯಾಗದಂತೆ ಚೀಲವನ್ನು ಸೆರಗಿನೊಳಗೆ ಸುತ್ತಿ, ತಾವು ನೆನೆಯುತ್ತಿದ್ದರು. ಜನವರಿಯ ಒಂದು ಶನಿವಾರ ಶಾಲೆಯಲ್ಲಿ ಪೋಷಕರ ದಿನ. ಮಕ್ಕಳು ಮಾಡಿದ್ದನ್ನು ಮೇಜಿನ ಮೇಲೆ ಇಡುತ್ತಾರೆ, ಅಪ್ಪ ಅಮ್ಮ ಬಂದು ನೋಡುತ್ತಾರೆ. ಅವತ್ತು ಅಮ್ಮನ ಕೈಗೆ ಈ ಚೀಲ ಕೊಡಬೇಕು ಎಂಬುದು ಅನ್ನಮ್ಮನ ಗುಟ್ಟು. ಆ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೇ. ನನ್ನ ಬಾಯಿಯನ್ನು ನಂಬಿದ ಮೊದಲ ವ್ಯಕ್ತಿ ಅವಳು. ನಾನು ಬಾಯಿ ಬಿಡಲಿಲ್ಲ, ಕೈ ಬಿಟ್ಟೆ.

ಬುಧವಾರ ಮಧ್ಯಾಹ್ನ ಅವಳು ಚೀಲದ ಮುಚ್ಚಳದ ಅಂಚು ಮಡಚುತ್ತಿದ್ದಳು. ಸೊಲ್ಯೂಷನ್ ಟ್ಯೂಬ್ ಹಿಡಿದುಕೊಂಡು ನಿಲ್ಲುವ ಕೆಲಸ ನನ್ನದು. ಎದುರು ಬೆಂಚಿನ ವಸಂತ ಬೆಳಿಗ್ಗೆ ಕಾಗೆ ತಲೆಗೆ ಕುಕ್ಕಿತೆಂದು ಸಪ್ಪೆ ಮೋರೆ ಹಾಕಿ ಕೂತಿದ್ದ. ಮನೆಯಲ್ಲಿ ಯಾರಿಗೋ ಕೇಡಂತೆ.

“ಕಾಗೆಗೆ ನಿನ್ನ ಮನೆಯ ವಿಷಯ ಗೊತ್ತಾಗುದು ಹೇಗೆ?” ಎಂದೆ.

“ಗೊತ್ತಾಗ್ತದೆ. ನನ್ನ ಮಾವನಿಗೆ ಹಾಗೇ ಆದದ್ದು.”

“ನಿನ್ನ ಮಾವನಿಗೆ ಕುಕ್ಕಿದ್ದು ಯಾವಾಗ, ಸುದ್ದಿ ಬಂದದ್ದು ಯಾವಾಗ? ತಾರೀಕು ಹೇಳು. ಕುಕ್ಕಿಯೂ ಎಂತದೂ ಆಗದವರು ಎಷ್ಟು ಮಂದಿ? ಲೆಕ್ಕ ಉಂಟಾ?” ಎನ್ನುತ್ತಾ ನಾನು ವೇದಿಕೆಯ ಮೇಲಿದ್ದಂತೆ ಬಲಗೈಯನ್ನು ಬೀಸಿದೆ. ಬಲಗೈಯಲ್ಲಿ ಮುಚ್ಚಳ ತೆಗೆದ ಟ್ಯೂಬ್ ಇತ್ತು.

ಮೂರು ಹನಿ. ಚೀಲದ ಮುಚ್ಚಳದ ಸರಿ ನಡುವೆ.

“ನೋಡಿದಿಯಾ ಕಾಗೆಯ ಕೆಲಸ!” ಎಂದ ವಸಂತ.

ಅನ್ನಮ್ಮ ಮಾತ್ರ ಗಾಬರಿಯಾಗಲಿಲ್ಲ. “ಯಾರೂ ಮುಟ್ಟಬೇಡಿ. ಒಣಗ್ಲಿ. ನಾಳೆ ಒಟ್ಟುಪಾಲು ತರ್ತೇನೆ. ಉಜ್ಜಿದ್ರೆ ರಬ್ಬರನ್ನು ರಬ್ಬರೇ ಹಿಡ್ಕೊಂಡು ಬರ್ತದೆ.”

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಪ್ಪು ಮಾಡಿದವರಿಗೆ ಸುಮ್ಮನಿರಲು ಆಗುವುದಿಲ್ಲ. ಪರಿಹಾರವೂ ತಮ್ಮಿಂದಲೇ ಆಗಬೇಕು ಅನಿಸುತ್ತದೆ. “ಅದು ಹೇಗೆ? ಕೆಸರನ್ನು ಕೆಸರಿನಿಂದ ತೊಳೀತಾರಾ?” ಎಂದೆ. ತರಗತಿ ನಕ್ಕಿತು. ನಗು ಬಂದರೆ ಚರ್ಚೆಯಲ್ಲಿ ನನಗೆ ಮತ್ತೆ ತಡೆಯಿಲ್ಲ. ಹಲಸಿನ ಹಣ್ಣು ಕೊಯ್ಯುವಾಗ ನಾವೆಲ್ಲ ಕೈಗೆ ಎಂತ ಹಚ್ಚುವುದು? ತೆಂಗಿನೆಣ್ಣೆ. ಯಾಕೆ? ಮೇಣ ಹತ್ತದಿರಲು. ಮೇಣ ಮರದ ಹಾಲು. ರಬ್ಬರೂ ಮರದ ಹಾಲು. ಹಾಗಾದರೆ ಮೇಣಕ್ಕೆ ಯಾವುದು ಮದ್ದೋ ಸೊಲ್ಯೂಷನಿಗೂ ಅದೇ. ಎಣ್ಣೆಗೆ ಹೋಗದ ಅಂಟು ಲೋಕದಲ್ಲಿ ಉಂಟಾ?

ನೀವೇ ಹೇಳಿ, ಕೇಳಲು ಎಷ್ಟು ಚೆನ್ನಾಗಿದೆ! ಆ ತರಗತಿಯಲ್ಲಿ ಹಲಸಿನ ಮೇಣ ಹತ್ತಿಸಿಕೊಳ್ಳದ ಕೈ ಒಂದೂ ಇರಲಿಲ್ಲ. ಎಲ್ಲರೂ ತಲೆಯಾಡಿಸಿದರು.

ಶಾರದಾ ಟೀಚರಿಗೆ ಒಂದು ದೌರ್ಬಲ್ಯ ಇತ್ತು. ಪ್ರಜಾಪ್ರಭುತ್ವ. ಊರಲ್ಲೆಲ್ಲ ಓಟಿನ ಗಾಳಿ ಬೀಸುತ್ತಿದ್ದ ಕಾಲ ಅದು. ಕಿಟಕಿ ಮುಚ್ಚಬೇಕೋ ತೆರೆಯಬೇಕೋ ಎಂಬುದಕ್ಕೂ ಅವರು ಕೈ ಎತ್ತಿಸುತ್ತಿದ್ದರು. “ಎಣ್ಣೆಯ ಪರವಾಗಿ ಎಷ್ಟು ಜನ?” ಎಂದು ಕೇಳಿದರು. ಮೂವತ್ತೊಂದು ಕೈ. ವಿರೋಧ ಎರಡು: ಅನ್ನಮ್ಮ, ಮತ್ತೆ ನಾನು ಏನೇ ಹೇಳಿದರೂ ವಿರೋಧಿಸುವ ವಸಂತ. ಹೀಗೆ ಒಂದು ಚರ್ಮದ ಹಣೆಬರಹ ಬಹುಮತದಿಂದ ತೀರ್ಮಾನವಾಯಿತು.

ಹಾಸ್ಟೆಲಿನ ಹುಡುಗಿಯೊಬ್ಬಳು ತಲೆಗೆ ಹಚ್ಚುವ ಎಣ್ಣೆ ಕುಪ್ಪಿ ತಂದಳು. ಚಳಿಗೆ ಗಟ್ಟಿಯಾಗಿದ್ದದ್ದನ್ನು ಬಿಸಿಲಿಗೆ ಹಿಡಿದು ಕರಗಿಸಿದೆವು. ನಾನೇ ಬಟ್ಟೆ ಅದ್ದಿ ಉಜ್ಜಿದೆ. ಸೊಲ್ಯೂಷನ್ ಹೋಗಲಿಲ್ಲ, ಹರಡಿತು, ಕಪ್ಪು ಲೋಳೆಯಾಯಿತು. ಎಣ್ಣೆ ಮಾತ್ರ ಒಳಗೆ ಹೋಯಿತು. ನಾವು ನೋಡುತ್ತಿದ್ದ ಹಾಗೇ ಮೂರು ಹನಿಯ ಸುತ್ತ ಹಪ್ಪಳದಷ್ಟು ಅಗಲಕ್ಕೆ ಚರ್ಮ ಕಪ್ಪಾಯಿತು. ಮೂವತ್ತೊಂದು ಕೈಗಳಲ್ಲಿ ಒಂದೂ ಮೇಲೆ ಕಾಣಲಿಲ್ಲ.

ಅನ್ನಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಚೀಲವನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಯಲ್ಲಿ ಇಟ್ಟಳು.

“ಗೆದ್ದದ್ದು ನೀನಲ್ವಾ? ನೀನೇ ಇಟ್ಕೊ.”

ನಾನು ಗೆದ್ದ ಬಹುಮಾನಗಳಲ್ಲಿ ಮನೆಯೊಳಗೆ ತರಲಾಗದ್ದು ಅದೊಂದೇ.

ಸಂಜೆ ಹಟ್ಟಿಯಲ್ಲಿ ಚೀಲವನ್ನು ಮುಂದಿಟ್ಟುಕೊಂಡು ಕೂತಿದ್ದೆ. ಹಾಲು ಕರೆಯಲು ಬಂದ ಅಜ್ಜಿ, ಯಾರು ಸತ್ತದ್ದು ಎಂಬಂತೆ ನೋಡಿದರು. ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗಲೂ ನನ್ನ ವಾದ ಸರಿಯಾಗಿಯೇ ಇತ್ತು ಎಂಬ ಧ್ವನಿ ಬಿಡಲಿಲ್ಲ. ಅಜ್ಜಿ ಚೆಂಬು ಕೆಳಗಿಟ್ಟರು.

“ಹಲಸಿನ ಹಣ್ಣು ಕೊಯ್ಯುವಾಗ ಕೈಗೆ ಎಣ್ಣೆ ಹಚ್ಚುದು ಯಾವಾಗ?”

“ಮೊದಲು.”

“ಮೊದಲು. ಮೇಣ ಹತ್ತದ ಹಾಗೆ. ಹತ್ತಿದ ಮೇಲೆ?”

“ಆಗಲೂ ಎಣ್ಣೆ ಉಜ್ಜುತ್ತೇವಲ್ಲ ಅಜ್ಜಿ!”

“ಉಜ್ಜಿ, ಮತ್ತೆ ಸೋಪು ಹಾಕಿ ತೊಳೀತೇವೆ. ಈ ಚೀಲವನ್ನು ತೊಳೀತೀಯಾ?”

ನಾನು ಚೀಲವನ್ನು ಎಳೆದು ತೊಡೆಯ ಮೇಲಿಟ್ಟುಕೊಂಡೆ.

“ಸರಿ. ಹಣ್ಣನ್ನು ಎರಡು ಹೋಳು ಮಾಡಿದ ಕೂಡ್ಲೆ ಅದರಿಂದ ಮೇಣ ಇಳೀತದಲ್ಲ, ಅದನ್ನು ನಾನು ತೆಗಿಯುದು ಎಂತದರಲ್ಲಿ?”

ಅಜ್ಜಿ ಮೇಲೆ ನೋಡಿದರು. ನಾನೂ ನೋಡಿದೆ. ಹಟ್ಟಿಯ ಮಾಡಿಗೆ ಸಿಕ್ಕಿಸಿಟ್ಟ ಒಂದು ಕೋಲು. ನಮ್ಮ ಕಡೆ ಹಲಸು ಕೊಯ್ಯುವವರ ಪ್ರತಿ ಮನೆಯಲ್ಲೂ ಅದೊಂದು ಇರುತ್ತದೆ. ಅದರ ತುದಿಯಲ್ಲಿ ಹೋದ ಬೇಸಗೆಯ, ಅದರ ಹಿಂದಿನ ಬೇಸಗೆಯ ಮೇಣ ಮುಷ್ಟಿಯಷ್ಟು ದಪ್ಪಕ್ಕೆ ಸುತ್ತಿಕೊಂಡಿರುತ್ತದೆ. ಹೋಳಾದ ಹಣ್ಣಿನ ಮೇಲೆ ಆ ಕೋಲನ್ನು ಉರುಳಿಸಿದರೆ ಹಳೆ ಮೇಣ ಹೊಸ ಮೇಣವನ್ನು ಎಳೆದುಕೊಳ್ಳುತ್ತದೆ. ಬರೀ ಕೋಲಾದರೆ ಅಷ್ಟು ಸುಲಭವಾಗಿ ಬರುವುದಿಲ್ಲ. ಬಾಲ್ಯವಿಡೀ ನಾನು ಅಜ್ಜಿಯ ಎದುರು ಕೂತು, ಆ ಕೋಲು ತಿರುಗುವುದನ್ನು ನೋಡುತ್ತಾ ಹಣ್ಣಿನ ಸೊಳೆ ತಿಂದವಳು.

ಅಂದರೆ ನನ್ನ ಹಲಸು ನನ್ನ ಸಾಕ್ಷಿಯಾಗಿರಲಿಲ್ಲ. ಮೊದಲಿನಿಂದಲೂ ಅನ್ನಮ್ಮನ ಸಾಕ್ಷಿ. ವಕೀಲಿಗೆ ಬಂದ ಮೇಲೆ ದೊಡ್ಡ ದೊಡ್ಡವರ ಪಾಟೀಸವಾಲು ಕೇಳಿದ್ದೇನೆ. ಚೆಂಬು ಹಿಡಿದು ಹಟ್ಟಿಗೆ ಬಂದ ಅಜ್ಜಿಯಷ್ಟು ಕಡಿಮೆ ಪ್ರಶ್ನೆಗಳಲ್ಲಿ ಮುಗಿಸಿದವರನ್ನು ಇನ್ನೂ ಕಂಡಿಲ್ಲ.

“ಅಂಟಿನ ಕತೆ ಹಾಗೆ. ಎಣ್ಣೆಯನ್ನು ಎಂತ ಮಾಡುದು?” ಎಂದೆ, ಸಣ್ಣ ಸ್ವರದಲ್ಲಿ.

“ಅದು ನನಗೆ ಗೊತ್ತಿಲ್ಲ. ನೆಲಕ್ಕೆ ಚೆಲ್ಲಿದ್ರೆ ಬೂದಿ ಹಾಕುದು. ಚರ್ಮದ ವಿಷಯ ದನಕ್ಕೇ ಗೊತ್ತು.”

‘ಗೊತ್ತಿಲ್ಲ’ ಎಂಬ ಮಾತನ್ನು ಅಷ್ಟು ಆರಾಮವಾಗಿ ಹೇಳಬಹುದು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಇನ್ನು ಯಾವುದನ್ನೂ ಆ ಚೀಲದ ಮೇಲೆ ವಾದಿಸಿ ಹಾಕುವ ಧೈರ್ಯ ನನಗಿರಲಿಲ್ಲ. ಹುಲ್ಲಿನ ಅಟ್ಟದಿಂದ ನನ್ನ ಪರ್ಸು ಇಳಿಸಿದೆ. ಅದರ ಮೂರು ಮೂಲೆಗೆ ಬೇಕೆಂದೇ ಎಣ್ಣೆ ಹಾಕಿ, ಒಂದಕ್ಕೆ ಬೂದಿ, ಒಂದಕ್ಕೆ ಸೀಮೆಎಣ್ಣೆ, ಒಂದಕ್ಕೆ ಶಾಲೆಯಿಂದ ತಂದಿದ್ದ ಸೀಮೆಸುಣ್ಣದ ಹುಡಿ. ಬೆಳಿಗ್ಗೆ ನೋಡಿದರೆ ಬೂದಿಯ ಮೂಲೆ ಬೂದಿಯಾಗಿಯೇ ಉಳಿದಿತ್ತು. ಸೀಮೆಎಣ್ಣೆಯ ಮೂಲೆಗೆ ಹೊಸದೊಂದು ಉಂಗುರ ಬಂದಿತ್ತು. ಸೀಮೆಸುಣ್ಣ ಮಾತ್ರ ಎಣ್ಣೆ ಕುಡಿದು ಹಳದಿಯಾಗಿ, ಕಪ್ಪನ್ನು ಅರ್ಧಕ್ಕೆ ಇಳಿಸಿತ್ತು. ಪರ್ಸು ಹಾಳಾಯಿತು ಎಂದು ಯಾರಿಗೂ ಅನಿಸಲಿಲ್ಲ. ಮೊದಲು ನೋಡಿದವರಿಗಂತೂ ಅನಿಸಲೇ ಇಲ್ಲ. ಗುರುವಾರವಿಡೀ ಅನ್ನಮ್ಮನ ಚೀಲ ಸೀಮೆಸುಣ್ಣದ ಹುಡಿ ಹೊದ್ದು ಹಟ್ಟಿಯಲ್ಲಿ ಮಲಗಿತ್ತು. ಶಾಲೆಯಲ್ಲಿ ಅನ್ನಮ್ಮ ನನ್ನ ಪಕ್ಕ ಕೂರಲಿಲ್ಲ.

ಶುಕ್ರವಾರ ಬೆಳಕಾಗುವ ಹೊತ್ತಿಗೆ ಚೀಲವನ್ನೂ ನನ್ನ ಪರ್ಸನ್ನೂ ಹಿಡಿದುಕೊಂಡು ಅವರ ಗುಡ್ಡ ಹತ್ತಿದೆ. ಮರದ ಬುಡದಲ್ಲಿ ಬಗ್ಗಿ ಕತ್ತಿ ಹಾಕುತ್ತಿದ್ದ ಅನ್ನಮ್ಮ ತಲೆ ಎತ್ತದೆ ಕೇಳಿದಳು:

“ವಾದ ಮಾಡ್ಲಿಕ್ಕೆ ಬಂದದ್ದಾ?”

“ಅಲ್ಲ. ಒಟ್ಟುಪಾಲು ಕೇಳ್ಲಿಕ್ಕೆ.”

ಅವಳು ಎದ್ದು ನಿಂತು ಕತ್ತಿಯಿಂದ ಪಕ್ಕದ ಸಾಲು ತೋರಿಸಿದಳು. “ನಾನು ಕೊಡುದಿಲ್ಲ. ಆ ಸಾಲಿನಲ್ಲಿ ಉಂಟು. ನೀನೇ ತೆಗಿ.”

ಒಂದೊಂದು ಮರದ ಗೀರಿನಿಂದಲೂ ಆ ಲಾಡಿಯನ್ನು ಉಗುರಿನಲ್ಲಿ ಎಬ್ಬಿಸಿ ಎಳೆಯಬೇಕು. ಮೊದಲ ಹತ್ತು ಮರಗಳಲ್ಲಿ ಅದು ತುಂಡಾಗಿ ಬಂತು. ಆಮೇಲೆ ಕೈಗೆ ಹದ ಸಿಕ್ಕಿತು. ನಿಧಾನ ಎಳೆದರೆ ಉದ್ದಕ್ಕೆ ಬರುತ್ತದೆ. ಎಳೆದದ್ದನ್ನು ಸುತ್ತುತ್ತಾ ಹೋದೆ. ಸಾಲು ಮುಗಿಯುವಾಗ ಕೈಯಲ್ಲಿ ಲಿಂಬೆಕಾಯಿಯಷ್ಟು ಉಂಡೆ. ನಡುವೆ ಒಂದು ಮಾತೂ ಆಡಿರಲಿಲ್ಲ. ನನ್ನ ಬಾಯಿಗೆ ಅಷ್ಟು ದೀರ್ಘ ರಜೆ ಅದೇ ಮೊದಲು.

“ಹೇಸಿಗೆ ಆಗುದಿಲ್ವಾ ನಿನಗೆ, ಕೈ ಹೀಗೆ ನಾರ್ತದೆ” ಎಂದಳು ಅನ್ನಮ್ಮ. ಮಾತಾಡಿದಳಲ್ಲ ಎಂಬ ಸಂತೋಷಕ್ಕೆ ನಾನು ಆ ಕೈಯಿಂದಲೇ ಮೂಗು ಒರೆಸಿಕೊಂಡೆ.

ಕ್ರಾಫ್ಟ್ ಕೋಣೆಯಲ್ಲಿ ಅವಳು ಚೀಲದ ಹುಡಿ ಕೊಡವಿ, ಒಣಗಿದ್ದ ಅಂಟಿನ ಮೇಲೆ ಉಂಡೆಯನ್ನು ಒತ್ತಿ, ಒಂದೇ ದಿಕ್ಕಿಗೆ ಸಣ್ಣದಾಗಿ ಉಜ್ಜಿದಳು. ರಬ್ಬರಿನಿಂದ ಪೆನ್ಸಿಲ್ ಗೆರೆ ಅಳಿಸಿದಾಗ ಬರುವಂಥ ಕಪ್ಪು ಸುರುಳಿಗಳು ಎದ್ದವು. ಮೊದಲ ಹನಿ ಹೋಯಿತು, ಎರಡನೆಯದು, ಮೂರನೆಯದು. ತರಗತಿ ಉಸಿರು ಬಿಟ್ಟಿತು. ಉಳಿದದ್ದು ಎಣ್ಣೆಯ ನೆರಳು ಮಾತ್ರ. ಅದು ಅರ್ಧ ಇಳಿದಿತ್ತು, ಪೂರ್ತಿ ಇಳಿಯುವ ಲಕ್ಷಣ ಇರಲಿಲ್ಲ. ಅದು ನನ್ನದೇ ಕೊಡುಗೆ.

ಅನ್ನಮ್ಮ ಆ ನೆರಳಿನ ಅಂಚಿನ ಮೇಲೆ ಬೆರಳಾಡಿಸಿದಳು. “ಒಂದು ಕಡೆ ಕಪ್ಪಿದ್ರೆ ಅಲ್ವಾ ಕಾಣುದು? ಇಡೀ ಎಣ್ಣೆ ಹಚ್ಚುವ.”

ಶಾರದಾ ಟೀಚರ್ ಅಭ್ಯಾಸಬಲದಿಂದ, “ಹಾಗಾದರೆ ಇದರ ಪರವಾಗಿ…” ಎಂದು ಶುರುಮಾಡಿದರು.

“ಬೇಡ ಟೀಚರ್!” ಎಂದವಳು ನಾನೇ. “ಮೊದಲು ನನ್ನ ಪರ್ಸಿಗೆ ಹಚ್ಚಿ ನೋಡುವ.”

ಪರ್ಸಿನ ನಾಲ್ಕನೆಯ ಮೂಲೆಯೂ ಹೀಗೆ ದೇಶಸೇವೆಗೆ ಹೋಯಿತು. ತೆಳ್ಳಗೆ ಎಣ್ಣೆ ಹಚ್ಚಿ, ಬಿಸಿಲು ತೋರಿಸಿ, ಬಟ್ಟೆಯಲ್ಲಿ ತಿಕ್ಕಿದರೆ ಸಮನಾದ ಬಣ್ಣ ಬಂತು. ಆಮೇಲೆ ಇಬ್ಬರೂ ಸೇರಿ ಚೀಲವನ್ನು ತಿಕ್ಕಿದೆವು. ಹೊಸ ಮಡಕೆಯಂತಿದ್ದದ್ದು ಸಂಜೆಗೆ ಹಳೆ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅನ್ನಮ್ಮ ಬಯಸಿದ ಬಣ್ಣ ಅದಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಶನಿವಾರ ಏಲಿಯಮ್ಮ ಆಲೆಟ್ಟಿ ಕಡೆಯ ಒಂದು ಹೆರಿಗೆ ಮುಗಿಸಿ ಅಲ್ಲಿಂದಲೇ ಬಂದರು. ಬಟ್ಟೆ ಚೀಲ ಹೆಗಲಲ್ಲೇ ಇತ್ತು. ಅನ್ನಮ್ಮ ಮೇಜಿನಿಂದ ಚೀಲ ತೆಗೆದು, ಏನೂ ಹೇಳದೆ ಅಮ್ಮನ ಎದುರು ಹಿಡಿದಳು. ಏಲಿಯಮ್ಮ ಹೊಲಿಗೆ ನೋಡಿದರು, ಬಾರು ಎಳೆದು ನೋಡಿದರು, ಕೊನೆಗೆ ಮೂಗಿನ ಹತ್ತಿರ ತಂದರು.

“ಇದೆಂತ ಮೋಳೇ, ಪಪ್ಪಡ ಕಾಯಿಸಿದ ಪರಿಮಳ?” ಎಂದು ಮಗಳನ್ನು ಕೇಳಿದರು.

ನನ್ನ ಗಂಟಲಿನವರೆಗೆ ಒಂದು ಪೂರ್ತಿ ಭಾಷಣ ಬಂದಿತ್ತು: ತಪ್ಪೊಪ್ಪಿಗೆ, ಕಾರಣಗಳು, ಹಲಸು, ಬಹುಮತ. ಅನ್ನಮ್ಮ ನನ್ನ ಕಾಲು ತುಳಿದಳು. ಅಷ್ಟರಲ್ಲಿ ಏಲಿಯಮ್ಮ ಅತಿಥಿಗಳಿಗೆಂದು ಇಟ್ಟಿದ್ದ ನೀರಿನ ಲೋಟ ಎತ್ತಿ, ಯಾರು ತಡೆಯುವ ಮೊದಲೇ ಚೀಲದ ಮೇಲೆ ಸುರಿದರು! ಶಾರದಾ ಟೀಚರ್ “ಅಯ್ಯೋ” ಎಂದೇ ಬಿಟ್ಟರು. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ನೆಲಕ್ಕೆ ಬಿತ್ತು. ಮುಚ್ಚಳ ತೆರೆದು ಒಳಗೆ ಕೈ ಹಾಕಿ ನೋಡಿದರು. ಒಣಗಿಯೇ ಇತ್ತು.

“ಸಾಕು” ಎಂದರು. ಅಲ್ಲೇ ಕೂತು ಕತ್ತರಿ, ನೂಲು, ಹತ್ತಿ, ಕುಪ್ಪಿ ಒಂದೊಂದಾಗಿ ಹಳೆ ಚೀಲದಿಂದ ಹೊಸದಕ್ಕೆ ದಾಟಿಸಿದರು. ಅನ್ನಮ್ಮ ಆಗ ಅತ್ತಳು.

ಎಲ್ಲ ಒಳ್ಳೆಯದೇ ಆಯಿತು ಎಂದು ನಾನು ಹೇಳುತ್ತಿಲ್ಲ. ತೆಂಗಿನೆಣ್ಣೆಯ ಪರಿಮಳಕ್ಕೆ ಎರಡು ವಾರ ಇರುವೆಗಳು ಆ ಚೀಲವನ್ನು ಬಿಡಲಿಲ್ಲವಂತೆ. ಮಳೆಗಾಲಕ್ಕೆ ಅದು ಮುಗ್ಗಲು ವಾಸನೆ ಹಿಡಿದು, ಏಲಿಯಮ್ಮ ಜೇನುಮೇಣ ತಿಕ್ಕಿ ಸರಿಮಾಡಬೇಕಾಯಿತು. ನನ್ನ ವಾದ ತಪ್ಪೇ. ತಪ್ಪು ವಾದದಿಂದ ಒಂದು ಚೀಲ ಉಳಿದಿದ್ದರೆ ಅದಕ್ಕೆ ಕಾರಣ ವಾದವಲ್ಲ, ಅನ್ನಮ್ಮ.

ಡ್ರಾಯರಿನಲ್ಲಿರುವುದು ಅವತ್ತಿನ ಉಂಡೆಯೇ, ಮೊನ್ನೆ ವಕೀಲರ ಬ್ಯಾಗಿನ ಎರಡು ಹನಿಯನ್ನೂ ಅದೇ ತೆಗೆಯಿತು. ಅನ್ನಮ್ಮ ಮದುವೆಯಾಗಿ ಈಗ ನೆಲ್ಯಾಡಿಯಲ್ಲಿದ್ದಾಳೆ. ಏಲಿಯಮ್ಮನಿಗೆ ಕಡಬಕ್ಕೆ ವರ್ಗವಾಯಿತು. ಹೋದ ತಿಂಗಳು ಒಂದು ಜಾಗದ ಕೇಸಿಗಾಗಿ ಕಡಬಕ್ಕೆ ಹೋಗಿದ್ದಾಗ ಜೀಪು ನಿಲ್ಲುವಲ್ಲಿ ಅವರನ್ನು ಕಂಡೆ. ಹೆಗಲಲ್ಲಿ ಅದೇ ಚೀಲ. ನನಗೆ ತಡೆಯಲಾಗಲಿಲ್ಲ, ಕುಶಲ ಕೇಳುತ್ತಲೇ ಮುಚ್ಚಳವನ್ನು ಬೆಳಕಿಗೆ ತಿರುಗಿಸಿ ಬಗ್ಗಿ ನೋಡಿದೆ.

“ಎಂತ ಹುಡುಕುದು ಮೋಳೇ?”

“ಇಲ್ಲಿ ಮೂರು ಹನಿ ಇತ್ತು ಅಮ್ಮಾ. ನಾನು ಬೀಳಿಸಿದ್ದು.” ಹತ್ತು ವರ್ಷದ ನಂತರ ತಪ್ಪೊಪ್ಪಿಗೆ ಹೊರಬಂತು.

ಏಲಿಯಮ್ಮ ಚೀಲವನ್ನು ಒಮ್ಮೆ ನೋಡಿಕೊಂಡರು. ಅಯೋಡಿನ್ ಚೆಲ್ಲಿದ್ದು, ಕೆಸರು ಹಾರಿದ್ದು, ಯಾವುದೋ ಮನೆಯಲ್ಲಿ ಬಿಸಿನೀರಿನ ಹಂಡೆ ತಾಗಿದ್ದು, ಯಾವುದೋ ಮಗುವಿನ ಮೊದಲ ಉಚ್ಚೆ, ಎಲ್ಲ ಅದರ ಮೇಲಿತ್ತು.

“ಮೂರಾ? ಇದರಲ್ಲಿ ಎಂತದೂ ಬೀಳದ ಜಾಗ ಎಲ್ಲಿ ಉಂಟು ಅಂತ ಹುಡುಕು ನೋಡುವ” ಎಂದು ನಕ್ಕರು.

ಅಷ್ಟರಲ್ಲಿ ಜೀಪಿನವನು ಹಾರ್ನ್ ಹೊಡೆದ. ಒಳಗಿನ ಗುಡ್ಡದ ಮನೆಯೊಂದರಲ್ಲಿ ನೋವು ಶುರುವಾಗಿದೆಯಂತೆ, ಚೊಚ್ಚಲು. ಏಲಿಯಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡು ಹತ್ತಿ ಕೂತರು. ನಾನು ಬಾಗಿಲು ಹಾಕಿಕೊಟ್ಟೆ. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.